ಹಳ್ಳಿಮನೆಗೆ ಯಾವ ಇಂಟರ್ನೆಟ್? 4ಜಿ, 5ಜಿ ಏರ್‌ಫೈಬರ್, ಫೈಬರ್, ಉಪಗ್ರಹ: ಮಳೆಗಾಲದ ಲೆಕ್ಕದಲ್ಲಿ ಒಂದು ಹೋಲಿಕೆ

"ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. 5ಜಿ ಏರ್‌ಫೈಬರ್ ಹಾಕಿಸಲಾ, ಬಿಎಸ್‌ಎನ್‌ಎಲ್ ಫೈಬರ್ ಎಳೆಸಲಾ, ಇಲ್ಲಾ ಸ್ಟಾರ್‌ಲಿಂಕ್ ಉಪಗ್ರಹ ಇಂಟರ್ನೆಟ್ ಬರೋವರೆಗೆ ಕಾಯಲಾ?" ಇತ್ತೀಚೆಗೆ ಓದುಗರಿಂದ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು. ಮನೆ ಇರುವುದು ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ, ಕೊಪ್ಪ, ಸುಳ್ಯದ ಕಡೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ಗುಡ್ಡ. ಜಾಹೀರಾತು ಬರೆದವರು ಈ ಊರುಗಳನ್ನು ನೋಡಿದ ಹಾಗಿಲ್ಲ. ಅದಕ್ಕೇ ಈ ಬರಹ ಮುಖ್ಯವಾಗಿ ಮಲೆನಾಡಿನ ಮನೆಗಳಿಗೆ. ಬಯಲುಸೀಮೆಯವರೂ ಓದಬಹುದು, ನಿಮ್ಮ ಲೆಕ್ಕ ಇದಕ್ಕಿಂತ ಸುಲಭ.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹುಡುಗಿಯೊಬ್ಬಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಫೋಟೊ ದೇಶವೆಲ್ಲ ಓಡಾಡಿತ್ತು. ಮಳೆಗೆ ಅಪ್ಪ ಕೊಡೆ ಹಿಡಿದು ನಿಂತಿದ್ದರು. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಭಿಯಾನ ನಡೆಯಿತು. ಆಗ ಜನ ಕೇಳುತ್ತಿದ್ದದ್ದು ಒಂದು ಟವರ್. ಈಗ ಹಲವು ಊರುಗಳಲ್ಲಿ ನಾಲ್ಕೈದು ಆಯ್ಕೆ ಇವೆ. ಆದರೂ ಅಂತರ ಹೋಗಿಲ್ಲ. ಮೊದಲು ಪೇಟೆಗೂ ಹಳ್ಳಿಗೂ ನಡುವೆ ಇದ್ದದ್ದು ಈಗ ಒಂದೇ ಮನೆಯೊಳಗೂ ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ಶೇ 48.7, ಹೆಂಗಸರು ಶೇ 24.6. ಇದಕ್ಕೆ ಕಾರಣ ಹಲವು. ಒಂದು ಮಾತ್ರ ಈ ಬರಹಕ್ಕೆ ಸಂಬಂಧಿಸಿದ್ದು: ಸಿಮ್ಮಿನ ಡೇಟಾ ಯಜಮಾನರ ಜೇಬಿನಲ್ಲಿ ಪೇಟೆಗೆ ಹೋಗಿಬಿಡುತ್ತದೆ. ವೈಫೈ ಮನೆಯಲ್ಲೇ ಇರುತ್ತದೆ. ನನ್ನ ಒಲವು ಯಾವ ಕಡೆ ಅಂತ ಇಲ್ಲೇ ಗೊತ್ತಾಯ್ತು ಅಲ್ವಾ? ಆದರೂ ಲೆಕ್ಕ ಹಾಕಿಯೇ ನೋಡೋಣ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲರೂ ಮೊದಲು ಕೇಳುವುದು ವೇಗ. ನಾನು ಅದನ್ನು ಕೊನೆಗೆ ಇಡುತ್ತೇನೆ. ಒಂದು ಒಳ್ಳೆಯ ವಿಡಿಯೊ ಕರೆಗೆ ಮೂರು ನಾಲ್ಕು ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನುವ ವೇಗದ ಅಳತೆ) ಸಾಕು, ಎಚ್‌ಡಿ ಸಿನಿಮಾಕ್ಕೆ ಐದು. ನಾಲ್ಕು ಜನರ ಮನೆಗೆ 30 ಎಂಬಿಪಿಎಸ್ ಸಿಕ್ಕರೆ ಯಾರೂ ಜಗಳ ಆಡುವುದಿಲ್ಲ.

ಮೊದಲು ನೋಡಬೇಕಾದ್ದು ಮಳೆ. ಮಾರ್ಚ್‌ನಲ್ಲಿ 200 ಎಂಬಿಪಿಎಸ್ ತೋರಿಸಿದ್ದು ಪುನರ್ವಸು ಮಳೆಯಲ್ಲಿ ವಾರಗಟ್ಟಲೆ ಮಲಗಿದರೆ ಏನು ಬಂತು? ಆರಿದ್ರೆಯಿಂದ ಆಶ್ಲೇಷದವರೆಗೆ ಎಷ್ಟು ದಿನ ನಡೆಯುತ್ತದೆ ಅನ್ನುವುದೇ ಅಸಲಿ ಪರೀಕ್ಷೆ.

ಎರಡನೆಯದು ಕರೆಂಟ್. ಮನೆಯ ಕರೆಂಟಷ್ಟೇ ಅಲ್ಲ, ಟವರಿನದ್ದೂ. ನಿಮ್ಮ ಮನೆಗೆ ಇನ್ವರ್ಟರ್ ಇದ್ದು, ಗುಡ್ಡದ ಮೇಲಿನ ಟವರಿನ ಬ್ಯಾಟರಿ ನಾಲ್ಕು ಗಂಟೆಗೆ ಸತ್ತರೆ ನಿಮ್ಮ ಇನ್ವರ್ಟರ್ ದೀಪ ಉರಿಸುವುದಕ್ಕಷ್ಟೇ.

ಮೂರನೆಯದು ವರ್ಷಕ್ಕೆ, ತಲೆಗೆ ಬೀಳುವ ಖರ್ಚು. ತಿಂಗಳ ಲೆಕ್ಕ ಮೋಸ ಮಾಡುತ್ತದೆ, ಯಾಕೆಂದರೆ ಕಂಪನಿಗಳ ತಿಂಗಳು 28 ದಿನದ್ದು. ವರ್ಷಕ್ಕೆ ಹದಿಮೂರು ರೀಚಾರ್ಜ್ ಆಗುತ್ತದೆ.

ನಾಲ್ಕನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಕೆಟ್ಟರೆ ಯಾರು ಬರುತ್ತಾರೆ? ಮಗ ಬೆಂಗಳೂರಿನಲ್ಲಿ ಕೂತು ಆ್ಯಪ್‌ನಲ್ಲಿ ದೂರು ಹಾಕಿದರೆ ಅಮ್ಮನ ಮನೆಗೆ ಏಣಿ ತರುವವರು ಯಾರು, ಎಷ್ಟು ದೂರದಿಂದ?

ಹಣ ಕಟ್ಟುವ ಮುಂಚೆ ಮನೆ ಸುತ್ತ ಒಂದು ಸುತ್ತು

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ಅಂತ ಇರುತ್ತದೆ. ಬಹುತೇಕ ಫೋನುಗಳಲ್ಲಿ ಅದರೊಳಗೆ ಸಿಮ್ ಸ್ಟೇಟಸ್. ಅಲ್ಲಿ ಸಿಗ್ನಲ್ ಬಲವು ಡಿಬಿಎಂ ಲೆಕ್ಕದಲ್ಲಿ, ಮೈನಸ್ ಅಂಕಿಯಾಗಿ ಕಾಣುತ್ತದೆ. ಮೈನಸ್ 85 ಅಂದರೆ ಚೆನ್ನಾಗಿದೆ. ಮೈನಸ್ 100ರಿಂದ 110ರವರೆಗೆ ಹೇಗೋ ನಡೆಯುತ್ತದೆ. 115 ದಾಟಿದರೆ ಕಡ್ಡಿ ಕಂಡರೂ ಕೆಲಸ ಆಗುವುದಿಲ್ಲ. ಫೋನಿನ ಮೇಲ್ಗಡೆ ಕಾಣುವ ಕಡ್ಡಿಗಳನ್ನು ನಂಬಬೇಡಿ, ಅವನ್ನು ಒಂದೊಂದು ಕಂಪನಿ ಒಂದೊಂದು ಥರ ತೋರಿಸುತ್ತದೆ.

ಈ ಅಂಕಿಯನ್ನು ನಡುಮನೆ, ಜಗಲಿ, ಅಟ್ಟ, ಬಾವಿಕಟ್ಟೆ, ಮನೆ ಹಿಂದಿನ ದರೆ, ಎಲ್ಲ ಕಡೆ ನೋಡಿ ಬರೆದಿಡಿ. ದಪ್ಪ ಮಣ್ಣಿನ ಗೋಡೆಯ ನಡುಮನೆಯಲ್ಲಿ ಮೈನಸ್ 112 ಇದ್ದದ್ದು ಅಟ್ಟದ ಹೆಂಚಿನ ಕೆಳಗೆ ಮೈನಸ್ 98 ಆಗುವುದು ಸಾಮಾನ್ಯ. ಹತ್ತು ಅಂಕಿ ವ್ಯತ್ಯಾಸ ಅಂದರೆ ಸಿಗ್ನಲ್ ಹತ್ತು ಪಟ್ಟು. ಹದಿನಾಲ್ಕು ಅಂದರೆ ಇಪ್ಪತ್ತೈದು ಪಟ್ಟು. ಬೇರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡಿದರೆ ಇನ್ನೂ ಒಳ್ಳೆಯದು, ಪಕ್ಕದ ಮನೆಯವರ ಫೋನ್ ಒಂದು ಗಳಿಗೆ ಕೇಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಕಂಪನಿಗಳು ತಮ್ಮ ಜಾಲತಾಣದಲ್ಲಿ ನೆಟ್‌ವರ್ಕ್ ನಕ್ಷೆ ಹಾಕಬೇಕು. ಅದನ್ನೂ ನೋಡಿ, ಆದರೆ ನಕ್ಷೆಗೆ ನಿಮ್ಮ ದರೆ ಗೊತ್ತಿರುವುದಿಲ್ಲ.

ಇರುವ 4ಜಿ ಸಿಮ್ಮನ್ನೇ ಸರಿಯಾಗಿ ಬಳಸುವುದು

ಮನೆಯಲ್ಲಿ ಇಬ್ಬರೇ, ವಾಟ್ಸ್‌ಆ್ಯಪ್ ಕರೆ, ಪಹಣಿ, ಬ್ಯಾಂಕ್ ಕೆಲಸ ಅಷ್ಟೇ ಅಂದರೆ ಹೊಸದೇನೂ ಬೇಡ. ಅಟ್ಟದಲ್ಲಿ ಒಂದು ಸಿಮ್ ರೂಟರ್ ಇಟ್ಟರೆ, ಅಥವಾ ಹೊರಗೆ ಕಂಬಕ್ಕೆ ಕಟ್ಟುವ ಆಂಟೆನಾ ಇರುವ ರೂಟರ್ ಹಾಕಿದರೆ ನಡುಮನೆಗೆ ವೈಫೈ ಬರುತ್ತದೆ. ಒಮ್ಮೆ ಕೆಲವು ಸಾವಿರ ರೂಪಾಯಿ ಖರ್ಚು. ಇದು ಹತ್ತಾರು ವ್ಯಾಟ್ ಒಳಗೇ ನಡೆಯುವುದರಿಂದ ಇನ್ವರ್ಟರ್‌ಗೂ ಹೊರೆ ಅಲ್ಲ.

ತೊಂದರೆ ಇರುವುದು ಡೇಟಾದಲ್ಲಿ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದ ಮೇಲೆ ದಿನಕ್ಕೆ 2 ಜಿಬಿ ಕೊಡುವ ಜಿಯೊ ಪ್ಲಾನ್ 28 ದಿನಕ್ಕೆ 349 ರೂಪಾಯಿ ಆಯಿತು. ಮೊಮ್ಮಕ್ಕಳು ರಜೆಗೆ ಬಂದ ದಿನ ಆ 2 ಜಿಬಿ ಕಾಫಿ ಹೊತ್ತಿಗೇ ಮುಗಿದಿರುತ್ತದೆ. ನಾಲ್ಕು ಜನರಿಗೆ ನಾಲ್ಕು ಸಿಮ್ ಅಂದರೆ 28 ದಿನಕ್ಕೆ ಸುಮಾರು 1,400. ವರ್ಷಕ್ಕೆ 18 ಸಾವಿರ ದಾಟುತ್ತದೆ. ಈ ಅಂಕಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಿಗ್ನಲ್ಲೇ ಇಲ್ಲದ ಊರುಗಳಿಗೆ ಒಂದು ಮಾತು. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸುವ ಯೋಜನೆಗೆ 26,316 ಕೋಟಿ ರೂಪಾಯಿ ಒಪ್ಪಿತು. ಕೆಲಸ ಬಿಎಸ್‌ಎನ್‌ಎಲ್‌ಗೆ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಒಡಿಶಾದ ಝಾರ್ಸುಗುಡದಲ್ಲಿ ಚಾಲನೆ ಸಿಕ್ಕಿತು. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಹಳ್ಳಿಗಳ ದೂರಸಂಪರ್ಕಕ್ಕೆ ಕೇಂದ್ರ ಸರ್ಕಾರ ಇಟ್ಟ ಡಿಜಿಟಲ್ ಭಾರತ್ ನಿಧಿಯ ಹಣದಿಂದ ಎದ್ದ 4ಜಿ ಟವರುಗಳನ್ನು ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೊ ಹಂಚಿಕೊಳ್ಳುವ ವ್ಯವಸ್ಥೆ 2025ರ ಜನವರಿಯಲ್ಲಿ ಶುರುವಾಗಿದೆ. ಊರಿನ ಹೊಸ ಟವರ್ ಬೇರೆ ಕಂಪನಿಯದ್ದು ಅಂತ ಸುಮ್ನೆ ಸಿಮ್ ಬದಲಿಸಬೇಡಿ. ಮೊದಲು ಫೋನಿನಲ್ಲಿ ಡೇಟಾ ರೋಮಿಂಗ್ ಆನ್ ಮಾಡಿ ನೋಡಿ.

5ಜಿ ಏರ್‌ಫೈಬರ್

2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾದಾಗ ಎಲ್ಲರ ಕಣ್ಣು ಫೋನಿನ ಮೇಲಿತ್ತು. ಹಳ್ಳಿಗೆ ನಿಜವಾಗಿ ಉಪಯೋಗವಾಗುವುದು ಮನೆ ಮಾಡಿನ ಮೇಲೆ ಡಬ್ಬಿ ಇಟ್ಟು 5ಜಿ ಹಿಡಿದು ಒಳಗೆ ವೈಫೈ ಕೊಡುವ ಈ ವ್ಯವಸ್ಥೆ. ಏರ್‌ಟೆಲ್ 2023ರ ಆಗಸ್ಟ್‌ನಲ್ಲಿ, ಜಿಯೊ ಅದೇ ವರ್ಷ ಗಣೇಶ ಚೌತಿಗೆ ಶುರು ಮಾಡಿದವು. ಕಂಬ ಬೇಡ, ವೈರ್ ಎಳೆಯುವುದು ಬೇಡ, ಪಕ್ಕದ ತೋಟದವರ ಒಪ್ಪಿಗೆ ಬೇಡ. ಸಿಗ್ನಲ್ ಇದ್ದರೆ ಅರ್ಧ ದಿನದ ಕೆಲಸ. ಜಿಯೊ ಶುರು ಮಾಡಿದಾಗ ಕೆಳಗಿನ ಪ್ಲಾನ್ 30 ಎಂಬಿಪಿಎಸ್‌ಗೆ 599 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ಅಂದರೆ ಸುಮಾರು 707. ತಿಂಗಳಿಗೆ 1,000 ಜಿಬಿ ಮಿತಿ. ಆ ಲೆಕ್ಕದಲ್ಲಿ ವರ್ಷಕ್ಕೆ ಎಂಟೂವರೆ ಸಾವಿರ. ನಾಲ್ಕು ಸಿಮ್ಮಿನ 18 ಸಾವಿರದ ಪಕ್ಕ ಇಟ್ಟು ನೋಡಿ. ಕರೆಗೆ ಚಿಕ್ಕ ರೀಚಾರ್ಜ್ ಹೇಗೂ ಬೇಕು, ಆದರೂ ಉಳಿತಾಯ ಇದೆ.

ಎಡವುವ ಜಾಗ ಸಿಗ್ನಲಿನ ಬಗೆ. 5ಜಿ ಅಂದರೆ ಒಂದೇ ಅಲ್ಲ. 700 ಮೆಗಾಹರ್ಟ್ಸ್‌ನ ಅಲೆ ದೂರ ಹೋಗುತ್ತದೆ, ಗೋಡೆ ಮರ ದಾಟುತ್ತದೆ, ವೇಗ ಕಡಿಮೆ. 2022ರ ಹರಾಜಿನಲ್ಲಿ ಇದನ್ನು ಕೊಂಡದ್ದು ಜಿಯೊ. 3500 ಮೆಗಾಹರ್ಟ್ಸ್‌ನದ್ದು ವೇಗ ಜಾಸ್ತಿ, ಆದರೆ ಗುಡ್ಡದ ಹಿಂದೆ ಇಳಿಯುವುದಿಲ್ಲ, ದಟ್ಟ ತೋಟದಲ್ಲಿ ಸೊರಗುತ್ತದೆ. 26 ಗಿಗಾಹರ್ಟ್ಸ್ ಕೆಲವು ನೂರು ಮೀಟರಿನ ಆಟ. ಎಲೆಯೇ ಅದಕ್ಕೆ ಗೋಡೆ, ಮಲೆನಾಡಿಗೆ ಅದನ್ನು ಮರೆತುಬಿಡಿ.

ಇನ್ನೂ ಒಂದು ಇದೆ. ಏರ್‌ಫೈಬರ್ ಅಂತ ಹಾಕುವ ಸಂಪರ್ಕವೆಲ್ಲ 5ಜಿ ಅಲ್ಲ. ಕೆಲವು ಕಡೆ 'ಯುಬಿಆರ್' ಅನ್ನುವ ಡಬ್ಬಿ ಹಾಕುತ್ತಾರೆ. ಅದು ಪರವಾನಗಿ ಬೇಡದ ತರಂಗದಲ್ಲಿ ಟವರಿನಿಂದ ನೇರ ನಿಮ್ಮ ಮಾಡಿಗೆ ಬರುವ ರೇಡಿಯೊ. ಟವರ್ ಕಣ್ಣಿಗೆ ಕಂಡರೆ ಚೆನ್ನಾಗಿ ನಡೆಯುತ್ತದೆ. ನಡುವೆ ಒಂದು ಹಲಸಿನ ಮರ ಬೆಳೆದರೆ ಮುಗಿಯಿತು. ಹಾಕಲು ಬಂದವರನ್ನು ಕೇಳಿ: "ಇದು 5ಜಿಯಾ, ಯುಬಿಆರಾ?" ಈ ಪ್ರಶ್ನೆ ಕೇಳಿದ ಕೂಡಲೇ ಅವರು ನಿಮ್ಮ ಜೊತೆ ಬೇರೆ ಥರ ಮಾತಾಡುತ್ತಾರೆ.

ಟವರ್ ಹಿಂದಿನ ಕಥೆಯೂ ಮುಖ್ಯ. ಫೈಬರ್ ಮುಟ್ಟದ ಟವರ್ ಮೈಕ್ರೊವೇವ್ ರೇಡಿಯೊ ಅಲೆಯ ಮೂಲಕ ಮುಂದಿನ ಟವರಿಗೆ ಡೇಟಾ ಸಾಗಿಸುತ್ತದೆ. ಮುಂದಿನ ತುದಿಯಲ್ಲಿ ಎಷ್ಟೇ ದೊಡ್ಡ ನಲ್ಲಿ ಇಟ್ಟರೂ ಹಿಂದಿನ ಪೈಪ್ ಸಣ್ಣದಾದರೆ ನೀರು ಅಷ್ಟೇ. ಸಂಜೆ ಏಳರಿಂದ ಹತ್ತರ ನಡುವೆ ವೇಗ ಪರೀಕ್ಷಿಸಿ. ಆಗಲೂ ಹೇಳಿದ್ದರಲ್ಲಿ ಅರ್ಧ ಬಂದರೆ ನಿಮ್ಮ ಟವರ್ ಗಟ್ಟಿ. ಮಧ್ಯಾಹ್ನದ ಪರೀಕ್ಷೆ ತೋರಿಸಿ ಸಹಿ ಹಾಕಿಸಿಕೊಳ್ಳುವವರೂ ಇದ್ದಾರೆ, ಎಚ್ಚರ.

ಫೈಬರ್

ಗಾಜಿನ ಎಳೆಯ ಕೇಬಲ್ ಮನೆಯವರೆಗೆ ಎಳೆಯುವುದು. ದಾರಿ ಇದ್ದರೆ ಇದೇ ಉತ್ತಮ. ಮುಂದಿನ ಪೀಳಿಗೆಯ ವೈರ್‌ಲೆಸ್ ಬಗ್ಗೆ ಬರೆಯಲು ಕೂತು ಇದನ್ನು ಹೇಳುವುದು ವಿಚಿತ್ರ, ಆದರೆ ನಿಜ. ಮನೆಯ ಪೆಟ್ಟಿಗೆಗೆ ಬೇಕಾಗುವುದು ಹತ್ತು ಹನ್ನೆರಡು ವ್ಯಾಟ್. ಇನ್ವರ್ಟರ್ ಇಲ್ಲದವರು ಒಂದೆರಡು ಸಾವಿರದ ಚಿಕ್ಕ ಯುಪಿಎಸ್ ಇಟ್ಟರೂ ಮೂರು ನಾಲ್ಕು ಗಂಟೆ ಎಳೆಯುತ್ತದೆ. ಹಳೆಯ ತಾಮ್ರದ ಲ್ಯಾಂಡ್‌ಲೈನ್ ಥರ ಸಿಡಿಲು ಲೈನಿನಲ್ಲಿ ಬಂದು ಮೋಡೆಮ್ ಸುಡುವ ಭಯ ಕಡಿಮೆ. ಆದರೂ ಗುಡುಗು ಶುರುವಾದರೆ ಅಡಾಪ್ಟರ್ ಕೀಳಿ, ಸಿಡಿಲು ಕರೆಂಟಿನ ದಾರಿಯಲ್ಲೂ ಬರುತ್ತದೆ.

ಬಿಎಸ್‌ಎನ್‌ಎಲ್‌ನ ಕೆಳಮಟ್ಟದ ಪ್ಲಾನ್‌ಗಳು ತಿಂಗಳಿಗೆ 400–500 ರೂಪಾಯಿ ಆಸುಪಾಸಿನಲ್ಲಿ ಸಿಗುತ್ತವೆ, ಜಿಎಸ್‌ಟಿ ಬೇರೆ. ಹಳ್ಳಿಗಳಲ್ಲಿ ಲೈನ್ ಎಳೆದು ನೋಡಿಕೊಳ್ಳುವವರು ಹೆಚ್ಚಾಗಿ ಸ್ಥಳೀಯ ಫ್ರಾಂಚೈಸಿಯವರು, ಹಲವರು ಹಳೆಯ ಕೇಬಲ್ ಟಿವಿಯವರೇ. ಇದು ದೊಡ್ಡ ಅನುಕೂಲ. ಅವರ ನಂಬರ್ ಅಮ್ಮನ ಫೋನಿನಲ್ಲೇ ಇರುತ್ತದೆ. "ಅಣ್ಣಾ, ಕೆಂಪು ಲೈಟ್ ಬಂದಿದೆ" ಅಂದರೆ ಸಾಕು.

ಕಷ್ಟ ಏನು? ಮರ ಬಿದ್ದರೆ ಲೈನ್ ತುಂಡು. ರಸ್ತೆ ಅಗಲ ಮಾಡುವ ಜೆಸಿಬಿ ಬಂದರೆ ತುಂಡು. ಮಂಗ ಜೋತುಬಿದ್ದರೂ ತುಂಡು. ದೊಡ್ಡ ಮಳೆಯಲ್ಲಿ ಒಟ್ಟಿಗೆ ಹತ್ತು ಕಡೆ ಹರಿದರೆ ನಿಮ್ಮ ಮನೆಯ ಸರದಿ ಬರಲು ವಾರ ಆಗಬಹುದು. ಒಂಟಿ ಮನೆಗಾದರೆ ಒಂದೆರಡು ಕಿಲೋಮೀಟರ್ ಕೇಬಲ್ ಖರ್ಚು ನಿಮ್ಮ ತಲೆಗೇ ಬರುತ್ತದೆ. ನಾಲ್ಕೈದು ಮನೆಯವರು ಸೇರಿ ಕೇಳಿದರೆ ಮಾತು ಬೇರೆಯಾಗುತ್ತದೆ. ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್ 2011ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ ತೆವಳುತ್ತಾ ಬಂತು. 2023ರ ಆಗಸ್ಟ್‌ನಲ್ಲಿ ಅದಕ್ಕೆ 1.39 ಲಕ್ಷ ಕೋಟಿ ರೂಪಾಯಿಯ ಹೊಸ ರೂಪ ಒಪ್ಪಿಗೆ ಆಯಿತು. ನಿಮ್ಮ ಪಂಚಾಯಿತಿ ಕಚೇರಿಗೆ ಫೈಬರ್ ಬಂದಿದೆಯಾ, ಬಂದಿದ್ದರೆ ಕೆಲಸ ಮಾಡುತ್ತಿದೆಯಾ ಅಂತ ಒಮ್ಮೆ ಹೋಗಿ ಕೇಳಿ. ಎರಡೂ ಬೇರೆ ಬೇರೆ ಪ್ರಶ್ನೆ.

ಉಪಗ್ರಹ

ಸ್ಟಾರ್‌ಲಿಂಕ್‌ಗೆ ಭಾರತದಲ್ಲಿ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಒನ್‌ವೆಬ್ ಮತ್ತು ಜಿಯೊದ ಉಪಗ್ರಹ ಕಂಪನಿಗೆ ಅದಕ್ಕೂ ಮುಂಚೆಯೇ ಸಿಕ್ಕಿತ್ತು. ಹಳೆಯ ಉಪಗ್ರಹ ಇಂಟರ್ನೆಟ್ 36 ಸಾವಿರ ಕಿಲೋಮೀಟರ್ ಮೇಲಿನಿಂದ ಬರುತ್ತಿತ್ತು, ಮಾತಾಡಿದರೆ ಅರ್ಧ ಸೆಕೆಂಡಿಗಿಂತ ಜಾಸ್ತಿ ತಡ. ಸ್ಟಾರ್‌ಲಿಂಕ್‌ನವು ಸುಮಾರು 550 ಕಿಲೋಮೀಟರಿನಲ್ಲೇ ಸುತ್ತುತ್ತವೆ. ವಿಡಿಯೊ ಕರೆ ಸರಾಗ. ಟವರೂ ಇಲ್ಲದ, ಫೈಬರೂ ಬಾರದ ಊರಿಗೆ ತಂತ್ರಜ್ಞಾನವಾಗಿ ಇದಕ್ಕಿಂತ ಒಳ್ಳೆಯದು ಇಲ್ಲ.

ಈಗ ಬೆಲೆ. ನೆರೆಯ ದೇಶಗಳನ್ನು ನೋಡಿದರೆ ಅಂದಾಜು ಸಿಗುತ್ತದೆ. ಭೂತಾನ್‌ನಲ್ಲಿ ಶುರುವಾದಾಗ ತಿಂಗಳಿಗೆ 3,000ದಿಂದ 4,200 ನ್ಗುಲ್ಟ್ರಮ್. ಅದರ ಬೆಲೆ ನಮ್ಮ ರೂಪಾಯಿಗೆ ಸಮ. ಬಾಂಗ್ಲಾದೇಶದಲ್ಲಿ ಆಂಟೆನಾ ತಟ್ಟೆಯ ಸಾಮಾನಿಗೇ 47,000 ಟಾಕಾ, ನಮ್ಮ 30 ಸಾವಿರಕ್ಕಿಂತ ಜಾಸ್ತಿ. ಇಲ್ಲಿ ಟ್ರಾಯ್ 2025ರ ಮೇನಲ್ಲಿ ಕೊಟ್ಟ ಶಿಫಾರಸಿನಲ್ಲಿ ನಗರದ ಗ್ರಾಹಕರಿಗೆ ವರ್ಷಕ್ಕೆ ತಲಾ 500 ರೂಪಾಯಿ ಹೆಚ್ಚುವರಿ ಶುಲ್ಕ ಇತ್ತು, ಹಳ್ಳಿಗೆ ಇರಲಿಲ್ಲ. ಆಲೋಚನೆ ಸರಿಯಾಗಿದೆ. ಆದರೆ ತಿಂಗಳ ಬಿಲ್ಲೇ ಸಾವಿರಗಳಲ್ಲಿ ಬಂದರೆ ಆ 500ರಿಂದ ಏನೂ ಆಗದು. ಬುಕ್ ಮಾಡುವ ಮುಂಚೆ ಕಂಪನಿಯ ಅಧಿಕೃತ ದರ ನೋಡಿ. ವಾಟ್ಸ್‌ಆ್ಯಪ್ ಫಾರ್ವರ್ಡ್ ನಂಬಿ ಮುಂಗಡ ಕೊಡಬೇಡಿ.

ಮಲೆನಾಡಿಗೆ ಇನ್ನೂ ಎರಡು ತೊಡಕಿವೆ. ತಟ್ಟೆಗೆ ತೆರೆದ ಆಕಾಶ ಬೇಕು. ಮನೆ ಸುತ್ತ ಅಡಿಕೆ ಮರ ನಿಂತಿದ್ದರೆ ಅಂಗಳದಲ್ಲಿ ಇಟ್ಟು ಪ್ರಯೋಜನವಿಲ್ಲ, ಮಾಡಿನ ಮೇಲೆ ಎತ್ತರಕ್ಕೆ ಕಂಬ ನೆಡಬೇಕು. ಕರೆಂಟೂ ಜಾಸ್ತಿ ತಿನ್ನುತ್ತದೆ. ಮಾಮೂಲಿ ತಟ್ಟೆಗೆ 75ರಿಂದ 100 ವ್ಯಾಟ್. ಮನೆಯಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ಬೇರೇನೂ ಹಾಕದೆ ಇದೊಂದನ್ನೇ ನಡೆಸಿದರೂ ಅರ್ಧ ದಿನ ಅಷ್ಟೇ. ಅದೇ ಬ್ಯಾಟರಿಯಲ್ಲಿ ಫೈಬರ್ ಪೆಟ್ಟಿಗೆ ದಿನಗಟ್ಟಲೆ ನಡೆಯುತ್ತದೆ. ಮೂರು ದಿನ ಕರೆಂಟ್ ಇಲ್ಲದ ಊರಿನಲ್ಲಿ ಸೋಲಾರ್ ಇಲ್ಲದೆ ಇದನ್ನು ಹಾಕಿಸುವುದು ದಂಡ. ಮಿನಿ ಮಾದರಿ 25–40 ವ್ಯಾಟ್‌ನಲ್ಲಿ ನಡೆಯುತ್ತದೆ, ಅದು ಸಿಗುತ್ತದೆಯಾ ವಿಚಾರಿಸಿ.

6ಜಿ ಬಗ್ಗೆಯೂ ಕೇಳುತ್ತಾರೆ. ಭಾರತ್ 6ಜಿ ದಾಖಲೆ ಬಂದದ್ದು 2023ರ ಮಾರ್ಚ್‌ನಲ್ಲಿ, ಗುರಿ 2030. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 6ಜಿಗೆ ಹಾಕಿಕೊಂಡ ಆರು ಬಳಕೆಗಳಲ್ಲಿ 'ಎಲ್ಲೆಡೆ ಸಂಪರ್ಕ' ಒಂದು. ನೆಲದ ಟವರು ಮತ್ತು ಉಪಗ್ರಹ ಒಂದೇ ಜಾಲವಾಗಿ ಕೆಲಸ ಮಾಡಬೇಕು ಅನ್ನುವ ಆಸೆ ಅದರಲ್ಲಿದೆ. ಒಳ್ಳೆಯದೇ. ಈಗ ಎಂಟನೇ ತರಗತಿಯಲ್ಲಿರುವ ಮಗು ಅಷ್ಟು ಹೊತ್ತಿಗೆ ಪಿಯುಸಿ ಮುಗಿಸಿರುತ್ತದೆ. ಕಾಯಬೇಡಿ.

ನಿಮಗೆ ಯಾವುದು

ಮನೆಯಿಂದ ಕೆಲಸ ಮಾಡುವವರಿಗೆ ಒಂದರಿಂದ ಸಾಗುವುದಿಲ್ಲ. ಫೈಬರ್ ಮುಖ್ಯ, ಜೊತೆಗೆ ಬೇರೆ ಟವರಿನಿಂದ ಸಿಗ್ನಲ್ ಬರುವ ಕಂಪನಿಯ ಒಂದು ಸಿಮ್. ಒಂದೇ ಟವರಿನ ಎರಡು ಸಿಮ್ ಇಟ್ಟುಕೊಂಡರೆ ಎರಡೂ ಒಟ್ಟಿಗೇ ಸಾಯುತ್ತವೆ. ಇದೇ ಮಾತು ಫೈಬರ್ ಮೇಲೆ ಏರ್‌ಫೈಬರ್ ಇಡುವವರಿಗೂ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಫೈಬರ್. ಅದು ಬಾರದಿದ್ದರೆ ಏರ್‌ಫೈಬರ್, ಆದರೆ ಸಂಜೆಯ ಪರೀಕ್ಷೆ ಪಾಸಾದರೆ ಮಾತ್ರ. ಸಿಮ್ ಡೇಟಾ ನೆಚ್ಚಿಕೊಂಡರೆ ಫೋನ್ ಯಾರ ಕೈಯಲ್ಲಿದೆಯೋ ಅವರದ್ದೇ ಇಂಟರ್ನೆಟ್. ಎರಡು ಮಕ್ಕಳಿದ್ದರೆ ಸಾಮಾನ್ಯವಾಗಿ ಅದು ಅಣ್ಣನ ಕೈಯಲ್ಲಿರುತ್ತದೆ, ತಂಗಿಯ ಕೈಯಲ್ಲಲ್ಲ.

ಅಪ್ಪ ಅಮ್ಮ ಇಬ್ಬರೇ ಇದ್ದರೆ ಅಟ್ಟದ ಸಿಮ್ ರೂಟರ್ ಸಾಕು. ಮನೆಗೆ ಸಿಸಿಟಿವಿ ಹಾಕಿ ಬೆಂಗಳೂರಿನಿಂದ ನೋಡುವ ಯೋಚನೆ ಇದ್ದರೆ ಅದು ಸಾಲದು, ದಿನವಿಡೀ ಡೇಟಾ ತಿನ್ನುತ್ತದೆ.

ಹೋಮ್‌ಸ್ಟೇ ನಡೆಸುವವರಿಗೆ ಮಾತ್ರ ಉಪಗ್ರಹದ ಲೆಕ್ಕ ಕೂಡಿಬರಬಹುದು. ಅಲ್ಲಿ ಬಿಲ್ಲು ಅತಿಥಿಗಳ ಬಾಡಿಗೆಯಲ್ಲಿ ಹಂಚಿಹೋಗುತ್ತದೆ. ಏಳೆಂಟು ಮನೆಯ ಮಜರೆಯವರೂ ಒಂದು ತಟ್ಟೆ ಹಂಚಿಕೊಳ್ಳಲು ನೋಡಬಹುದು. ಕಂಪನಿಯ ನಿಯಮ ಅದಕ್ಕೆ ಒಪ್ಪುತ್ತದೆಯಾ ಅಂತ ಮೊದಲೇ ಕೇಳಬೇಕು.

ತಿಂಗಳಿಗೆ 500 ರೂಪಾಯಿಯೇ ಭಾರ ಅನ್ನುವ ಮನೆಗಳೇ ಜಾಸ್ತಿ. ಹೋಲಿಕೆಯ ಬರಹಗಳು ಅವರನ್ನು ಬಿಟ್ಟುಬಿಡುತ್ತವೆ. ಅವರಿಗೆ ದಾರಿ ಹಂಚಿಕೊಳ್ಳುವ ವೈಫೈ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಕಂಪ್ಯೂಟರ್, ಇಂಟರ್ನೆಟ್ ಇದೆಯಾ ನೋಡಿ. ಇದ್ದರೆ ಸಂಜೆ ಶಾಲೆ ಬಿಟ್ಟ ಮೇಲೂ ತೆರೆದಿರಲಿ ಅಂತ ಗ್ರಾಮಸಭೆಯಲ್ಲಿ ಕೇಳಿ. ಇನ್ನೊಂದು ಪಿಎಂ-ವಾಣಿ, 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆಯಾದದ್ದು. ಕಿರಾಣಿ ಅಂಗಡಿಯವರು ಪರವಾನಗಿ ಇಲ್ಲದೆಯೇ ವೈಫೈ ಇಟ್ಟು ಚಿಕ್ಕ ಮೊತ್ತಕ್ಕೆ ಮಾರಬಹುದು. ಕಂಪನಿಗಳು ಅಂಥ ಅಂಗಡಿಗೆ ಕೊಡುವ ಫೈಬರಿಗೆ ವಿಪರೀತ ದರ ಹಾಕುತ್ತಿದ್ದವು. 2025ರ ಜೂನ್‌ನಲ್ಲಿ ಟ್ರಾಯ್, 200 ಎಂಬಿಪಿಎಸ್‌ವರೆಗಿನ ಪ್ಲಾನಿಗೆ ಮನೆಗಳ ದರದ ಎರಡು ಪಟ್ಟಿಗಿಂತ ಜಾಸ್ತಿ ತಗೊಳ್ಳಬಾರದು ಅಂತ ಮಿತಿ ಹಾಕಿತು. ನ್ಯಾಯಬೆಲೆ ಅಂಗಡಿಯ ಪಕ್ಕದಲ್ಲೇ ಇಂಥದ್ದೊಂದು ಇದ್ದರೆ ಬೆರಳು ಒತ್ತಲು ಸಾಲು ನಿಂತವರಿಗೂ ಉಪಯೋಗ.

ಯಾವುದನ್ನೇ ಆರಿಸಿ, ಮಾರಲು ಬಂದವರು ಒಂದು ಮಾತು ಹೇಳಿಯೇ ಹೇಳುತ್ತಾರೆ: ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಇನ್‌ಸ್ಟಲೇಶನ್ ಫ್ರೀ, ಒಂದು ತಿಂಗಳು ಜಾಸ್ತಿ. ಮೊದಲ ಸಲ ಅದಕ್ಕೆ ಒಪ್ಪಬೇಡಿ. ಸಾವಿರ ರೂಪಾಯಿ ಜಾಸ್ತಿ ಹೋದರೂ ಪರವಾಗಿಲ್ಲ, ಮೂರು ತಿಂಗಳದ್ದು ಕಟ್ಟಿ. ಅದೂ ಮೇ ಕೊನೆಯಲ್ಲಿ ಹಾಕಿಸಿ. ಆಶ್ಲೇಷ ಮಳೆಯವರೆಗೆ ನಡೆದರೆ ಆಮೇಲೆ ವರ್ಷದ್ದು ಕಟ್ಟೋಣ.